ಒಂದೂವರೆ ಸುತ್ತು

ನಾನು ಪುಕ್ಕಲಿ ನಿಜ, ಸುಳ್ಳುಗಾತಿಯಲ್ಲ. ಅಣ್ಣ ತೀರಿಕೊಂಡ ಮೇಲೆ ಅವನ ಕಂಪ್ಯೂಟರ್ ಟೆಲಿಸ್ಕೋಪನ್ನು ತಾರಸಿಯಲ್ಲಿ ಮೊದಲ ಸಲ ಒಬ್ಬಳೇ ಜೋಡಿಸಿದೆ. ಆಗಷ್ಟೇ ಕತ್ತಲು ಕವಿದಿತ್ತು. ಯಂತ್ರಕ್ಕೆ ಆಕಾಶದ ಗುರುತು ಸಿಗಬೇಕಾದರೆ ಮೂರು ನಕ್ಷತ್ರಗಳನ್ನು ಒಂದೊಂದಾಗಿ ನಡುವಿಗೆ ತಂದು ಗುಂಡಿ ಒತ್ತಬೇಕು.

ಮೊದಲನೆಯದು ಮಸುಕಾಗಿತ್ತು. ಫೋಕಸ್ ತಿರುಪನ್ನು ಒಂದೂವರೆ ಸುತ್ತು ತಿರುಗಿಸಿದೆ, ಸರಿಹೋಯಿತು. ಎರಡನೆಯದಕ್ಕೆ ಕಣ್ಣಿಟ್ಟರೆ ಮತ್ತೆ ಮಸುಕು, ಮತ್ತೆ ಒಂದೂವರೆ ಸುತ್ತು. ಮೂರನೆಯದಕ್ಕೂ ಅಷ್ಟೇ. ತಿರುಪಿನಿಂದ ಕೈ ತೆಗೆದೆ. ಅಣ್ಣ ಕನ್ನಡಕ ತೆಗೆದಿಟ್ಟು ನೋಡುತ್ತಿದ್ದ. ಅವನಾದ ಮೇಲೆ ನಾನು ನೋಡಬೇಕಾದರೆ ಯಾವಾಗಲೂ ಅಷ್ಟೇ ತಿರುಗಿಸಬೇಕಿತ್ತು. "ಏ ಸೋಡಾಬುಡ್ಡಿ ಅಣ್ಣಾ, ಮತ್ತೆ ಕೆಡಿಸಿಟ್ಯಾ?" ಎಂದು ರೇಗಿಸುತ್ತಿದ್ದೆ.

ಕೆಳಗಿಳಿದು ಅತ್ತಿಗೆಗೆ ಹೇಳಿದೆ. ಅವರು ಬಟ್ಟೆ ಮಡಚುತ್ತಲೇ, "ನೀನೊಬ್ಬಳೇ ನೋಡಿದ್ರೆ ಹೇಗೆ? ಅವರಿಗೂ ಸ್ವಲ್ಪ ಬಿಡು," ಎಂದರು.

ಅಂದಿನಿಂದ ಎಲ್ಲ ಜೋಡಿಸಿಟ್ಟು, ಬೆನ್ನು ತಿರುಗಿಸಿ ನೂರು ಎಣಿಸುತ್ತೇನೆ. ಆಮೇಲೆ ನೋಡಿದರೆ ನಕ್ಷತ್ರ ಮಸುಕು, ಕಣ್ಣಿಡುವ ರಬ್ಬರ್ ಬೆಚ್ಚಗೆ.

ಮೊನ್ನೆ ಮೊದಲ ಸಲ ಅತ್ತಿಗೆಯೂ ಮೇಲೆ ಬಂದು ನನ್ನ ಪಕ್ಕದಲ್ಲೇ ನಿಂತಿದ್ದರು. ಎಣಿಸಿ ಮುಗಿಸಿ ತಿರುಗಿದಾಗ ರಬ್ಬರ್ ಒದ್ದೆಯಾಗಿತ್ತು. ಇಬ್ಬನಿಯಾಗಿದ್ದರೆ ತಣ್ಣಗಿರಬೇಕಿತ್ತಲ್ಲ.