ಬಿಸಿ ತಾಗಿದ ಕೈ

"ಕೈ ಕೊಡಿ."

ಬೇಕರಿಯ ಮುಂದೆ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಕೇಳಿದವಳು ಊರ ಆಸ್ಪತ್ರೆಯ ಚರ್ಮದ ಡಾಕ್ಟರ್. ಕೇಳಿಸಿಕೊಂಡವನು, ಓವನ್ನಿನಿಂದ ಬ್ರೆಡ್ಡಿನ ಟ್ರೇಯನ್ನು ಬರಿಗೈಯಲ್ಲಿ ಎಳೆದು ಜಂಬದಿಂದ ಎತ್ತಿ ತೋರಿಸುತ್ತಿದ್ದ ಬೇಕರಿಯವನು. ಜನ ಅವನನ್ನು 'ಬೆಂಕಿಕೈ' ಎಂದೇ ಕರೆಯುತ್ತಿದ್ದರು.

"ಇಷ್ಟು ಬೇಗನಾ ಮೇಡಂ? ಮೊದಲು ನಮ್ಮಕ್ಕನ ಹತ್ರ ಮಾತಾಡಿ," ಎಂದ.

ಗಲ್ಲಾದಲ್ಲಿದ್ದ ಅಕ್ಕ ಕಿಸಕ್ಕೆಂದಳು.

ಡಾಕ್ಟರ್ ನಗಲಿಲ್ಲ. ಅವನ ಬೆರಳ ತುಂಬ ಸುಟ್ಟ ಕಲೆಗಳು, ಮೊಣಕೈ ಬಳಿ ಬಿಳಿಚಿದ ಮಚ್ಚೆ... ಅವಳು ಎರಡನ್ನೂ ಮತ್ತೆ ಮತ್ತೆ ನೋಡಿದಳು.

ಮರುದಿನ ಅವನನ್ನು ಆಸ್ಪತ್ರೆಗೆ ಕರೆಸಿ ಕಣ್ಣು ಮುಚ್ಚಿಸಿದಳು.

"ಹತ್ತಿ ತಾಗಿದ ತಕ್ಷಣ ಹೇಳಿ."

ಹತ್ತಿಯ ಎಳೆ ಮಚ್ಚೆಯ ಮೇಲೆ, ಬೆರಳುಗಳ ಮೇಲೆ ಓಡಾಡಿತು.

"ಶುರು ಮಾಡಿ ಮೇಡಂ," ಎಂದ ಅವನು.

ಅವಳು ಆಗಲೇ ಮುಗಿಸಿದ್ದಳು.

ಉಳಿದ ಪರೀಕ್ಷೆಗಳೂ ಅದನ್ನೇ ಹೇಳಿದವು. "ಕುಷ್ಠ," ಎಂದಳು ಮೆಲ್ಲಗೆ. "ಹೆದರಬೇಡಿ, ಮಾತ್ರೆಯಲ್ಲಿ ವಾಸಿಯಾಗತ್ತೆ. ಸ್ಪರ್ಶ ಮಾತ್ರ... ವಾಪಸ್ ಬರಬಹುದು, ಬರದೇನೂ ಇರಬಹುದು."

ಅವನ ಜಂಬವೆಲ್ಲ ಜರ್ರನೆ ಇಳಿಯಿತು. "ನನ್ನ ಬ್ರೆಡ್ ಇನ್ನು ಯಾರು ತಿಂತಾರೆ?"

"ನಾನು ತಿಂತೀನಿ."

ಬರೀ ಮಾತಲ್ಲ. ಸುದ್ದಿ ಹಬ್ಬಿ ಬೇಕರಿ ಬಿಕೋ ಎನ್ನತೊಡಗಿದಾಗ ಅವಳು ಬಿಳಿ ಕೋಟಿನಲ್ಲೇ ಬಂದು ನಿಂತಳು. ಎದುರಿನ ಅಂಗಡಿಯವರೆಲ್ಲ ನೋಡುತ್ತಿದ್ದಂತೆ ಅವನ ಕೈಯಿಂದಲೇ ಬ್ರೆಡ್ ತೆಗೆದುಕೊಂಡು ತಿಂದಳು.

"ಚಿಕಿತ್ಸೆ ಶುರುವಾಗಿದೆ. ಇವರಿಂದ ಯಾರಿಗೂ ಏನೂ ಅಂಟಲ್ಲ. ಇನ್ನೊಂದು ಕೊಡಿ."

ಒಬ್ಬೊಬ್ಬರಾಗಿ ಜನ ಮತ್ತೆ ಬಂದರು.

"ಯಾಕೆ ನನಗೆ ಇಷ್ಟೆಲ್ಲ ಮಾಡ್ತೀರಿ?" ಎಂದು ಅವನು ಆ ದಿನ ಕೇಳಿದ. ಅವಳ ಮನಸ್ಸು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಪೆದ್ದಿ ಹೇಳಿದ್ದು ಬೇರೆ.

"ನೀವು ನನ್ನ ಪೇಷೆಂಟ್. ಅಷ್ಟೇ."

ಅಲ್ಲಿಗೆ ಮುಗಿಯಿತು. ಅಂದಿನಿಂದ ಅವನು ಇನ್ನೊಬ್ಬ ಡಾಕ್ಟರ್ ಇರುವ ದಿನ ನೋಡಿಕೊಂಡು ಆಸ್ಪತ್ರೆಗೆ ಬರತೊಡಗಿದ.

'ಹೆಮ್ಮೆಪಡ್ತಿದ್ದ ಕೈಯನ್ನೇ ರೋಗ ಅಂದೆನಲ್ಲ... ಅದಕ್ಕೇ ಕೋಪ,' ಎಂದು ಅವಳು ಒಳಗೊಳಗೇ ಕೊರಗಿದಳು. 'ಅವರಿಗೆ ನಾನು ಹತ್ತು ಪೇಷೆಂಟ್‌ಗಳ ಜೊತೆ ಹನ್ನೊಂದನೆಯವನು,' ಎಂದು ಅವನು. ಇಬ್ಬರಿಗೂ ಬುದ್ಧಿ ಹೇಳುವವರು ಯಾರು?

ತಿಂಗಳುಗಳು ಕಳೆದವು. ಆಸ್ಪತ್ರೆಗೆ ಹಲವು ದೇಶಗಳ ಆರೋಗ್ಯ ಕಾರ್ಯಕರ್ತರು ತರಬೇತಿಗೆ ಬಂದರು. ಪಾಠ ಅವಳದೇ, ಇಂಗ್ಲಿಷಿನಲ್ಲಿ.

"ನಮ್ಮಪ್ಪನೇ ನನ್ನನ್ನ ಮೊಡವೆ ಡಾಕ್ಟರ್ ಅಂತ ರೇಗಿಸ್ತಾರೆ," ಎಂದಳು. ಎಲ್ಲರೂ ನಕ್ಕರು. "ಆದ್ರೆ ಎಷ್ಟೋ ರೋಗಗಳು ಮೊದಲು ಕಾಣೋದು ಚರ್ಮದ ಮೇಲೆ. ನೀವು ಕೆಲಸ ಮಾಡೋ ಊರುಗಳಲ್ಲಿ ಚರ್ಮದ ಡಾಕ್ಟರೇ ಇಲ್ಲ. ಅಲ್ಲಿ ನೀವೇ ನಮ್ಮ ಕಣ್ಣು. ಈ ಹತ್ತಿ ಎಳೆಯಿಂದ ಒಂದು ಕೈ ಉಳಿಸಬಹುದು."

ಬಾಗಿಲು ದಢಾರನೆ ತೆರೆಯಿತು. ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ಅವನು ನಿಂತಿದ್ದ... ಕಣ್ಣಲ್ಲಿ ನೀರು, ಮುಖದ ತುಂಬ ನಗು.

"ಮೇಡಂ, ಸುಟ್ಟಿತು! ಹಿಡಿಯೋ ಬಟ್ಟೆ ಜಾರಿ ಬೆರಳಿಗೆ ಟ್ರೇ ತಾಗಿತು. ಬ್ರೆಡ್ಡೆಲ್ಲ ಮಣ್ಣುಪಾಲು. ಉರಿ ತಡಿಯೋಕಾಗ್ತಿಲ್ಲ."

ಅವಳು ಹತ್ತಿ ಎತ್ತಿಕೊಂಡಳು. ಅವಳು ಹೇಳುವ ಮೊದಲೇ ಅವನು ಕಣ್ಣು ಮುಚ್ಚಿದ.

"ಇಲ್ಲಿ... ಇಲ್ಲಿ... ಕಿರುಬೆರಳು ಸ್ವಲ್ಪ ಮಂದ. ಹಾಂ, ಇಲ್ಲೂ."

ಅವನ ಭಾಷೆ ಅರ್ಥವಾಗದವರೂ ಚಪ್ಪಾಳೆ ತಟ್ಟಿದರು. ಅವನು ಅವರತ್ತ ತಿರುಗಿದ.

"ಸುಟ್ಟರೂ ಗೊತ್ತಾಗದ್ದನ್ನ ನಾನು ಗಂಡಸ್ತನ ಅಂದ್ಕೊಂಡಿದ್ದೆ. ಊರೆಲ್ಲ ಕೈ ನೋಡಿ ಶಿಳ್ಳೆ ಹೊಡೀತು. ಇವರೊಬ್ಬರು ಹಿಡಿದು ನೋಡಿದ್ರು."

ಮೊಡವೆ ಡಾಕ್ಟರ್ ಆ ದಿನ ತಲೆಯೆತ್ತಿ ನಿಂತಳು. ತನ್ನ ಕೆಲಸದ ಬಗ್ಗೆ, ಅಷ್ಟು ಜನರ ಮುಂದೆ ತನ್ನ ರೋಗವನ್ನು ಮುಚ್ಚಿಡದ ಆ ಮನುಷ್ಯನ ಬಗ್ಗೆ ಅವಳಿಗೆ ಹೇಳಲಾರದಷ್ಟು ಹೆಮ್ಮೆಯಾಯಿತು.

ಆಮೇಲೆ ನಲ್ಲಿಯ ತಣ್ಣೀರಿಗೆ ಅವನ ಬೆರಳನ್ನು ಹಿಡಿದಳು.

"ಈಗಲೂ ನಾನು ಬರೀ ಪೇಷೆಂಟೇ?"

"ಮಾತ್ರೆ ಮುಗೀತಲ್ಲ..."

"ಮತ್ತೆ ಕೈ ಯಾಕೆ ಬಿಡ್ತಿಲ್ಲ?"

ಅವಳು ಕಣ್ಣೊರೆಸಿಕೊಂಡಳು. "ಅಕ್ಕನ ಹತ್ರ ಯಾವಾಗ ಬಂದು ಮಾತಾಡ್ಲಿ?"

ಅವನು ಅವಳ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡ. ಅವುಗಳ ಬಿಸಿ ಅವನಿಗೆ ತಾಗುತ್ತಿತ್ತು.

"ಇವತ್ತೊಂದು ದಿನ ಬೇಡ. ಬ್ರೆಡ್ ಬಿದ್ದ ಸಿಟ್ಟಲ್ಲಿದ್ದಾಳೆ."