ನಾಲಿಗೆ ಕಟ್ಟಿದ ಮಾಂತ್ರಿಕನ ಸರದಿ

“ಅ... ಅ... ಅಗ್ನಿ!”

ಶಾಪಗ್ರಸ್ತ ಮಾಂತ್ರಿಕನಂತೆ ಹರಿಣಿ ತೊದಲಿದಳು. ಮುಂಬೈಯ ಗೋರೆಗಾಂವ್‌ನ ಆ ಪುಟ್ಟ ಆಫೀಸು ಗೊಳ್ಳೆಂದು ನಕ್ಕಿತು.

ಪಾತ್ರ ವಹಿಸಿ ಆಡುವ ಆಟವೊಂದಕ್ಕೆ ಅವಳು ನಿಯಮ ರಚಿಸುತ್ತಿದ್ದಳು. ನಾಲಿಗೆ ಕಟ್ಟಿದವನ ಮಂತ್ರ ಫಲಿಸಬೇಕಾದರೆ ಇಪ್ಪತ್ತು ಮುಖದ ದಾಳದಲ್ಲಿ ಹದಿನೆಂಟು ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕು. ಇಪ್ಪತ್ತರಲ್ಲಿ ಮೂರೇ ಅವಕಾಶ.

ಅಂದೇ ಕೆಲಸಕ್ಕೆ ಸೇರಿದ್ದ ತುಷಾರ್ ಮಾತ್ರ ನಗಲಿಲ್ಲ.

“ಬೋಲೋ ತುಷಾರ್, ರೂಲ್ ಕೈಸಾ ಹೈ?” ನಿಯಮ ಹೇಗಿದೆಯೆಂದು ಮಾಲೀಕ ಹಿತೇಶ್ ಕೇಳಿದ.

“ಬ... ಬ... ಬಹುತ್...”

“ಅರೇ ವಾಹ್, ಕ್ಯಾ ಆಕ್ಟಿಂಗ್!”

ಮತ್ತೆ ನಗು. ಅವನ ಕತ್ತಿನ ನರ ಬಿಗಿದದ್ದನ್ನು ಕಂಡವಳು ಹರಿಣಿಯೊಬ್ಬಳೇ. ಅದು ನಟನೆಯಲ್ಲ... ದೇವರೇ, ನಾನೇನು ಮಾಡಿಬಿಟ್ಟೆ!

ಅಂದಿನಿಂದ ಅವಳು ಅವನಿಗೆ ನೆರಳಾದಳು. ಅವನು ಬಾಯಿ ತೆರೆದರೆ ಸಾಕು, ಉಳಿದ ಮಾತನ್ನು ತಾನೇ ಪೂರೈಸುವಳು. ಪಶ್ಚಾತ್ತಾಪ ಯಾವಾಗ ಪ್ರೀತಿಯಾಯಿತೆಂಬುದು ಅವಳಿಗೇ ತಿಳಿಯಲಿಲ್ಲ.

ನಿಯಮವನ್ನೂ ತಿದ್ದಿದಳು: ಜೊತೆಗಾರನೊಬ್ಬ ಮಂತ್ರದ ಉಳಿದರ್ಧ ಹೇಳಿದರೆ ಎಂಟು ಬಿದ್ದರೂ ಸಾಕು.

ತುಷಾರ್ ಒಪ್ಪಲಿಲ್ಲ. ಮಂತ್ರ ಆ ಮಾಂತ್ರಿಕನದೇ, ಜೊತೆಗಾರರು ಕಾಯಲಿ, ಕಾದ ಪ್ರತಿ ಸರದಿಗೂ ಬೇಕಾದ ಅಂಕಿಯಲ್ಲಿ ಮೂರು ಕಳೆಯಲಿ ಎಂದು ಬರೆದು ತೋರಿಸಿದ.

“ಕಾಯೋದಾ? ಅಷ್ಟು ತಾಳ್ಮೆ ಯಾರಿಗಿರತ್ತೆ ತುಷಾರ್?” ಹರಿಣಿ ನಕ್ಕಳು.

ಹಿತೇಶ್ ಅವಳ ನಿಯಮವನ್ನೇ ಆರಿಸಿದ. ಅದೇ ಸಂಜೆ ತುಷಾರ್ ರಾಜೀನಾಮೆ ಕೊಟ್ಟ.

ಅವಳು ಸ್ಟೇಷನ್ನಿಗೆ ಓಡಿದಳು. ಅವನು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲಿದ್ದ.

“ಮೊದಲನೇ ದಿನದ ನಗು... ಇನ್ನೂ ಕ್ಷಮಿಸಿಲ್ಲ, ಅಲ್ವಾ?”

“ಅದಲ್ಲ. ಅವತ್ತು ನಿಮಗೆ ಗೊ... ಗೊತ್ತಿರ್ಲಿಲ್ಲ. ಆಮೇಲೆ, ಗೊತ್ತಿದ್ದೂ, ನನ್ನ ಒಂದು ಮಾತನ್ನೂ...”

“ಮುಗಿಸೋಕೆ ಬಿಡ್ಲಿಲ್ಲ!” ಎಂದವಳೇ ಬಾಯಿ ಮುಚ್ಚಿಕೊಂಡಳು.

ಅವನು ನೋವಿನಿಂದಲೇ ನಕ್ಕ.

“ನಮ್ಮಮ್ಮನೂ ಹಾಗೇ. ಆಸ್ಪತ್ರೆಲಿ, ಕೊನೇ ದಿನ, ‘ಅಮ್ಮಾ, ನಾನು...’ ಅಂದೆ. ‘ಊಟ ಮಾಡಿಲ್ಲ ತಾನೇ? ಹೋಗು, ಮಾಡ್ಕೊಂಡು ಬಾ’ ಅಂದ್ರು. ಹೋದೆ. ಬ... ಬರೋಷ್ಟರಲ್ಲಿ...”

ಆ ವಾಕ್ಯ ಅಲ್ಲಿಗೇ ನಿಂತಿತು. ಅದನ್ನು ಪೂರೈಸುವ ಧೈರ್ಯ ಅವಳಿಗಾಗಲಿಲ್ಲ.

“ಅಯ್ಯೋ... ಸಹಾಯ ಅಂದ್ಕೊಂಡಿದ್ದೆ ತುಷಾರ್.”

“ಕ... ಕನಿಕರ ಅಂದ್ಕೊಂಡಿದ್ದೆ.”

ಲೋಕಲ್ ಬಂತು. ಅವನು ಏಳಲಿಲ್ಲ.

“ಹರಿಣಿ, ನಾನು ನಿಮ್ಮನ್ನ... ಪ್... ಪ್...”

ಆ ಪದ ಅವಳಿಗೆ ಗೊತ್ತಿತ್ತು; ತುಟಿಯ ತುದಿಗೇ ಬಂದಿತ್ತು. ಹಲ್ಲು ಕಚ್ಚಿ ತಡೆದಳು. ಅವನ ಹಣೆ ಬೆವರಿತು. ಜನರು ನುಗ್ಗಿದರು, ಇಳಿದರು, ಒಬ್ಬಿಬ್ಬರು ತಿರುಗಿ ನೋಡಿದರು. ಗಾಡಿ ಹೊರಟುಹೋಯಿತು. ಇನ್ನೊಂದು ಬಂತು, ಅದೂ ಹೋಯಿತು.

“...ಪ್ರೀತಿಸ್ತೀನಿ.”

ತಡೆದಿದ್ದ ಅಳು ಈಗ ಒಡೆಯಿತು.

“ನಾನೂ! ಎಷ್ಟು ದಿನದಿಂದ...”

“ಮತ್ತೆ ಯಾಕೆ ಹೇಳ್ಲಿಲ್ಲ? ನಿಮಗೆ ತೊ... ತೊದಲು ಇಲ್ವಲ್ಲ!”

ಅಳುತ್ತಲೇ ಅವಳು ನಕ್ಕಳು. ಅವನು ಹಳಿಯ ಕಡೆ ನೋಡಿದ.

“ಮಾಟುಂಗಾದ ನಮ್ಮ ಮನೇಲಿ ಅಮ್ಮನ ಫೋಟೋ ಇದೆ. ಅದರ ಮುಂದೆ ನಿಂತ್ಕೊಂಡು, ಅವತ್ತು ಆಸ್ಪತ್ರೆಲಿ ಅರ್ಧಕ್ಕೇ ನಿಂತ ಮಾತು ಪೂರ್ತಿ ಹೇ... ಹೇಳ್ಬೇಕು. ಒಬ್ಬನಿಗೇ ಆಗ್ತಿಲ್ಲ. ನೀವೂ... ಬ... ಬ...”

ಹರಿಣಿ ಕಾದಳು.

“...ಬರ್ತೀರಾ?”

“ಬರ್ತೀನಿ.”