ಎರಡು ಬಲ್ಬು, ಒಂದು ತುಂಡು ಬೆಲ್ಲ

ಆ ಮುಖ ಕಂಡದ್ದೇ ತಡ, ಕುಸುಮಳ ಎದೆ ಧಸಕ್ಕೆಂದಿತು.

೧೯೬೪. ಮೂಡುಬಿದಿರೆಯ ಶಾಲೆಯೊಂದರಲ್ಲಿ ವಿಜ್ಞಾನ ಪ್ರದರ್ಶನ. ಬೆಳ್ತಂಗಡಿಯಿಂದ ಮಕ್ಕಳನ್ನು ಕರೆತಂದಿದ್ದ ಗಣಿತದ ಟೀಚರ್ ಕುಸುಮ ಕೊನೆಯ ಮೇಜಿನ ಮುಂದೆ ನಿಂತುಬಿಟ್ಟಳು. ಮೇಜಿನ ಆಚೆ ಶೇಷಪ್ಪ ಮಾಸ್ಟ್ರು! ಮೂರು ತಿಂಗಳ ಹಿಂದೆ ವಾಮದಪದವಿನ ಮನೆಗೆ ಅವಳನ್ನು ನೋಡಲು ಬಂದು, ನೀರು ಮಾತ್ರ ಕುಡಿದು, ಜೊತೆಗಿಟ್ಟ ಬೆಲ್ಲ ಮುಟ್ಟದೆ ಎದ್ದುಹೋದ ಮಹಾನುಭಾವ. ಬೆಲ್ಲ ಬೇಡದವನಿಗೆ ಹುಡುಗಿ ಬೇಕೇ ಎಂದು ಸೋದರಮಾವ ಮುಂಡಪ್ಪ ಅಂದೇ ತೀರ್ಪು ಕೊಟ್ಟಿದ್ದರು. ಬರುವ ಭಾನುವಾರ ನಾರಾವಿಯ ಗಂಡಿನ ಕಡೆಯವರು ಮಾತು ಮುಗಿಸಲು ಬರುವವರಿದ್ದರು.

ಇಷ್ಟವಾದವನೇ ಬೇಡವೆಂದ ಮೇಲೆ ಯಾರಾದರೇನು... ಎಂದು ಒಪ್ಪಿದ್ದಳು, ಪಾಪ.

ಮೇಜಿನ ಮೇಲಿದ್ದದ್ದು ಎರಡು ನರಕೋಶಗಳ ಮಾದರಿ. ಎರಡು ಬಲ್ಬು, ಒಂದಷ್ಟು ತಂತಿ. ಒಂದು ಉರಿದರೆ ಇನ್ನೊಂದನ್ನು ತಡೆಯುತ್ತದೆ. ತಡೆದು ತಡೆದು ದಣಿದಾಗ ಇನ್ನೊಂದು ಹೊತ್ತಿಕೊಂಡು ಇದನ್ನು ತಡೆಯುತ್ತದೆ. ನಮ್ಮ ನಡಿಗೆಯ ತಾಳ ಹುಟ್ಟುವುದೂ ಹೀಗೇ ಇರಬಹುದು, ದಣಿವು ತರುವುದಕ್ಕೆ ವಿದ್ಯುತ್ತು ತುಂಬಿಟ್ಟುಕೊಳ್ಳುವ ಹಳೆಯ ರೇಡಿಯೋದ ಕಂಡೆನ್ಸರ್ ಇಟ್ಟಿದ್ದೇನೆ ಎಂದೆಲ್ಲ ಶೇಷಪ್ಪ ಮಕ್ಕಳಿಗೆ ವಿವರಿಸಿದ. ಆದರೆ ಎಡದ ಬಲ್ಬು ಉರಿದೇ ಉರಿಯಿತು. ಬಲದ್ದು ಕಮಕ್ ಕಿಮಕ್ ಎನ್ನಲಿಲ್ಲ. ಮಕ್ಕಳು ಕಿಸಕ್ಕನೆ ನಕ್ಕು ಮುಂದೆ ಹೋದರು.

ಕುಸುಮ ಮಾತ್ರ ಕದಲಲಿಲ್ಲ.

"ನಿಮ್ಮ ಮನೆಯಿಂದ ಮಾತೇ ಬರಲಿಲ್ಲ ಟೀಚರ್," ಅವನು ತಲೆ ಎತ್ತದೆ ಹೇಳಿದ. "ಬೇಡ ಅಂತ ಕಾಣ್ತದೆ ಅಂತ ನಾನೂ ಸುಮ್ಮನಾದೆ."

ಅಬ್ಬಾ, ತಪ್ಪು ನಮ್ಮದಂತೆ!

"ಬೆಲ್ಲ ಮುಟ್ಟದೆ ಹೋದದ್ದು ನೀವು."

"ಹಲ್ಲುನೋವು ಮಾರಾಯ್ರೆ... ಹೆಣ್ಣು ನೋಡ್ಲಿಕ್ಕೆ ಬಂದವ ಅದನ್ನು ಹೇಗೆ ಹೇಳುವುದು?"

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇವನು ಸುಮ್ಮನಿದ್ದಾನೆಂದು ಮನೆಯವರು ಸುಮ್ಮನೆ, ಮನೆಯವರು ಸುಮ್ಮನಿದ್ದಾರೆಂದು ಇವನು. ಒಬ್ಬರ ಬಾಯಿ ಒಬ್ಬರು ಕಟ್ಟಿ ಮೂರು ತಿಂಗಳು ಹಾಳಾಗಿತ್ತು.

ಕಂಡೆನ್ಸರಿನ ತಂತಿಯೊಂದು ಕಳಚಿದ್ದು ಅವಳ ಕಣ್ಣಿಗೆ ಬಿತ್ತು. ಸಿಕ್ಕಿಸಿದಳು. ಎಡದ್ದು ಆರಿತು, ಬಲದ್ದು ಹೊತ್ತಿತು. ಮತ್ತೆ ಎಡ, ಮತ್ತೆ ಬಲ...

"ಸುಮ್ಮನಿದ್ದು ನನಗೂ ಸುಸ್ತಾಯ್ತು," ಎಂದಳು ಕುಸುಮ. "ನನಗೆ ನೀವು ಇಷ್ಟ. ಭಾನುವಾರ ನಾರಾವಿಯವರು ಬರ್ತಾರೆ. ಅದಕ್ಕೆ ಮೊದಲು ಬನ್ನಿ. ಇನ್ನು ಸರದಿ ನಿಮ್ಮದು."

ಶನಿವಾರ ಮಧ್ಯಾಹ್ನದ ಬಸ್ಸಿಗೇ ಶೇಷಪ್ಪ ಹಾಜರು! ಕೂರುವ ಮೊದಲೇ, ಮುಂಡಪ್ಪ ಮಾವನ ಕಣ್ಣೆದುರೇ, ತಟ್ಟೆಯಲ್ಲಿದ್ದ ಬೆಲ್ಲವನ್ನೆಲ್ಲ ಬಾಯಿಗೆ ಹಾಕಿಕೊಂಡ. ಆಮೇಲೆ ಹಳೆಯ ಹಲ್ಲುನೋವಿನ ಕಥೆ ಒಪ್ಪಿಸಿದ. ಮಾವ ಹೊಟ್ಟೆ ಹಿಡಿದು ನಕ್ಕರು, ನಾರಾವಿಯವರಿಗೆ ಬರಬೇಡಿರೆಂದು ಹೇಳಿಕಳಿಸಿದರು.

ನೀರಿನ ಚೆಂಬು ಕೊಡುವಾಗ ಕುಸುಮ ಮೆಲ್ಲಗೆ ಕೇಳಿದಳು, "ಈಗ ಹಲ್ಲು?"

"ನೋವು ಉಂಟು," ಎಂದ. ಕಣ್ಣಲ್ಲಿ ನೀರಾಡುತ್ತಿತ್ತು. "ಇನ್ನೊಂದು ತುಂಡು ಕೊಡಿ."